ಕಾನೂನಿನ ಗಡುವು, ಕೈದಿಯ ಗಡುವು

ನಮ್ಮ ಲೊಕ್ಕನಹಳ್ಳಿಯ ಸುತ್ತಿನ ಮಲೆಯಂಚಿನ ಊರುಗಳಲ್ಲಿ "ಟಾಡಾ" ಎಂಬ ಎರಡಕ್ಷರದ ಅರ್ಥವನ್ನು ಇಂದಿಗೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದು ಎರಡು ವರ್ಷಗಳ ಮಟ್ಟಿಗೆಂದು ಹುಟ್ಟಿದ ಕಾನೂನು ಎಂಬುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು.

ಪಂಜಾಬಿನ ಹಿಂಸಾಚಾರದ ಹಿನ್ನೆಲೆಯಲ್ಲಿ 1985ರ ಮೇ ತಿಂಗಳಲ್ಲಿ ಸಂಸತ್ತು ಅದನ್ನು ರೂಪಿಸಿತು. 1987ರಲ್ಲಿ ಹೊಸದಾಗಿ ಬರೆದು ಮತ್ತೆ ಎರಡು ವರ್ಷಗಳ ಅವಧಿ ಕೊಟ್ಟರು. 1989, 1991, 1993ರಲ್ಲಿ ಅವಧಿಯನ್ನು ವಿಸ್ತರಿಸುತ್ತಲೇ ಹೋದರು. ಪೊಲೀಸ್ ಸೂಪರಿಂಟೆಂಡೆಂಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು, ಜಾಮೀನು ದುರ್ಲಭ, ಮೇಲ್ಮನವಿಗೆ ಸರ್ವೋಚ್ಚ ನ್ಯಾಯಾಲಯವೊಂದೇ ದಾರಿ.

ಪಂಜಾಬಿಗಾಗಿ ಹುಟ್ಟಿದ ಕಾನೂನು ನಮ್ಮ ಕಾಡಿಗೆ ಬಂದದ್ದು ವೀರಪ್ಪನ್ ನಿಮಿತ್ತ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ಸಾವುಗಳನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಆಮೇಲೆ ಬೀಸಿದ ಬಲೆಯಲ್ಲಿ ಕಾಡಂಚಿನ ಬಡವರು, ಹೆಂಗಸರೂ ಸಹ, ಸಿಕ್ಕಿಬಿದ್ದು ಮೈಸೂರಿನ ಸೆರೆಮನೆ ಸೇರಿದರು.

1995ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು ಸಂಸತ್ ಸದಸ್ಯರಿಗೆಲ್ಲ ಪತ್ರ ಬರೆದು, ಈ ಕಾನೂನನ್ನು ಮತ್ತೆ ಮುಂದುವರಿಸಬೇಡಿರೆಂದು ಕೋರಿದರು. ಅಷ್ಟರಲ್ಲಿ ದೇಶದಾದ್ಯಂತ 76 ಸಾವಿರಕ್ಕೂ ಹೆಚ್ಚು ಜನರ ಬಂಧನವಾಗಿತ್ತು. ಶಿಕ್ಷೆಯಾದವರು ತೀರ ಕೆಲವರು. ಆ ಮೇ ತಿಂಗಳಲ್ಲಿ ಕಾನೂನು ಮುಂದುವರಿಯದೆ ತಾನಾಗಿ ಕೊನೆಗೊಂಡಿತು.

ಜೂನ್‌ನಲ್ಲಿ ಶಾಲೆ ತೆರೆದಾಗ ಪೌರನೀತಿಯ ಪಾಠದ ನಡುವೆ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆಯನ್ನು ಕರೆದೊಯ್ದು ಎರಡು ವರ್ಷವಾಗಿತ್ತು. "ಸಾ, ಆ ಕಾನೂನು ಮುಗ್ದೋಯ್ತಂತಲ್ಲ, ಅಪ್ಪನ್ನ ಬುಟ್ಬುಡ್ತಾರಾ?" ಎಂದು ಕೇಳಿದ. ಇಡೀ ತರಗತಿ ನನ್ನ ಮುಖ ನೋಡಿತು. "ಇಲ್ಲ ಮಗು, ಕಾನೂನು ಹೋದರೂ ಅದರಡಿ ಹೂಡಿದ ಮೊಕದ್ದಮೆ ಉಳಿಯುತ್ತದೆ ಎಂದು ಅದರಲ್ಲೇ ಬರೆದಿದ್ದಾರೆ" ಎಂದೆ. ಅವನು ಏನೂ ಹೇಳದೆ ಕುಳಿತ. ಅವನ ತಂದೆ ಬಿಡುಗಡೆಯಾಗಿ ಬಂದದ್ದು 2001ರಲ್ಲಿ, ನಿರ್ದೋಷಿಯೆಂದು. ಹುಡುಗ ಓದು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ನಡುವೆ, 2000ದ ಜುಲೈನಲ್ಲಿ ಡಾ. ರಾಜಕುಮಾರ್ ಅವರ ಅಪಹರಣವಾದಾಗ, ಮೈಸೂರಿನಲ್ಲಿ ಇನ್ನೂ ಉಳಿದಿದ್ದ ಐವತ್ತರಷ್ಟು ಟಾಡಾ ಬಂದಿಗಳ ಬಿಡುಗಡೆ ವೀರಪ್ಪನ್ ಬೇಡಿಕೆಗಳಲ್ಲಿ ಒಂದಾಯಿತು. ಸರ್ಕಾರ ಒಪ್ಪಿತು. ಶಕೀಲ್ ಅಹ್ಮದರ ವೃದ್ಧ ತಂದೆ ಅಬ್ದುಲ್ ಕರೀಂ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಅದನ್ನು ತಡೆದರು. ಆ ತಂದೆಯ ಸಂಕಟವೂ ನಿಜ, ಈ ಹುಡುಗನ ಸಂಕಟವೂ ನಿಜ. ವಿಚಾರಣೆ ಬೇಗ ಮುಗಿದಿದ್ದರೆ ಇಬ್ಬರಿಗೂ ನ್ಯಾಯ ದೊರೆಯುತ್ತಿತ್ತು.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ನೂರಕ್ಕೂ ಹೆಚ್ಚು ಜನರನ್ನು ನಿರ್ದೋಷಿಗಳೆಂದು ಸಾರಿತು. ಪಾಲಾರ್ ಪ್ರಕರಣದಲ್ಲಿ ಜೀವಾವಧಿಗೆ ಗುರಿಯಾದ ನಾಲ್ವರಿಗೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕ್ಷಮಾದಾನ ಅರ್ಜಿಯ ನಿರ್ಧಾರ ವಿಳಂಬವಾಯಿತೆಂದು 2014ರಲ್ಲಿ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಕಾನೂನು ಸತ್ತು ಹತ್ತೊಂಬತ್ತು ವರ್ಷಗಳಾದ ಮೇಲೂ ಅದರ ಲೆಕ್ಕ ಮುಗಿದಿರಲಿಲ್ಲ.

ಬ್ರಿಟನ್ನಿನ ಕಥೆಯೂ ಬೇರೆಯಲ್ಲ. 1974ರಲ್ಲಿ "ತಾತ್ಕಾಲಿಕ" ಎಂಬ ಹೆಸರಿನಲ್ಲೇ ತಂದ ಭಯೋತ್ಪಾದನಾ ತಡೆ ಕಾಯ್ದೆಯನ್ನು ನವೀಕರಿಸುತ್ತ ಸಾಗಿ, 2000ದಲ್ಲಿ ಶಾಶ್ವತ ಕಾನೂನನ್ನೇ ಮಾಡಿಕೊಂಡರು. ನಮ್ಮಲ್ಲಿ ಮೂರು ವರ್ಷಗಳ ಅವಧಿಯ ಪೋಟಾ 2002ರಲ್ಲಿ ಬಂದು 2004ರಲ್ಲಿ ರದ್ದಾಯಿತು. ಅದರ ಹಲವು ಅಂಶಗಳು 1967ರ ಯುಎಪಿಎ ಕಾಯ್ದೆಯೊಳಗೆ ಸೇರಿದವು. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಅಲ್ಲಿ ಮನ್ನಣೆಯಿಲ್ಲವೆಂಬುದು ಸಮಾಧಾನ. ಆದರೆ ಜಾಮೀನು ಕಠಿಣ, ಕಾನೂನಿಗೆ ಗಡುವೇ ಇಲ್ಲ.

ಗಡುವು ಒಳ್ಳೆಯದೇ. ಸಂಸತ್ತು ಎರಡು ವರ್ಷಕ್ಕೊಮ್ಮೆಯಾದರೂ ಆ ಕಡತವನ್ನು ತೆರೆಯಬೇಕಾಗುತ್ತದೆ. ಆದರೆ ತೆರೆದವರು "ಕಾನೂನು ಬೇಕೋ ಬೇಡವೋ" ಎಂದಷ್ಟೇ ಕೇಳಿದರೆ ಸಾಲದು. ಒಳಗಿರುವವರು ಎಷ್ಟು ಮಂದಿ, ಎಷ್ಟು ವರ್ಷದಿಂದ, ಯಾರ ವಿಚಾರಣೆ ಇನ್ನೂ ಆರಂಭವಾಗಿಲ್ಲ ಎಂದು ಹೆಸರು ಹೆಸರಾಗಿ ಹಾಜರಿ ಕರೆಯಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಬಾರದಿದ್ದರೆ ಮೇಷ್ಟರು ವಿಚಾರಿಸುತ್ತಾರೆ. ದೇಶ ನಡೆಸುವವರಿಂದ ಅಷ್ಟನ್ನು ನಿರೀಕ್ಷಿಸುವುದು ಹೆಚ್ಚಲ್ಲ.