ಸದ್ದಿಲ್ಲದ ಸೆಂಚುರಿ

"ತಾತ, ಇದು ನಿಜವಾದ ಮ್ಯಾಚೋ, ಪ್ರಾಕ್ಟೀಸೋ?"

2025ರ ಅಕ್ಟೋಬರ್ 2, ವಿಜಯದಶಮಿ. ನಂಜನಗೂಡಿನ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದ ಮೊಮ್ಮಗ ಕೇಳಿದ ಪ್ರಶ್ನೆ ಇದು. ಅವನಿಗೆ ಬೆಂಗಳೂರಿನಲ್ಲಿ ಏಳನೆಯ ತರಗತಿ, ದಸರಾ ರಜೆಗೆ ಬಂದಿದ್ದ. ಜಂಬೂ ಸವಾರಿಗೆ ಇನ್ನೂ ಹೊತ್ತಿತ್ತು. ಚಾನೆಲ್ ತಿರುಗಿಸುತ್ತಿದ್ದಾಗ ಅಹಮದಾಬಾದಿನ ಟೆಸ್ಟ್ ಕಣ್ಣಿಗೆ ಬಿತ್ತು. ಲಕ್ಷಕ್ಕೂ ಹೆಚ್ಚು ಜನ ಕೂರಬಹುದಾದ ಸ್ಟೇಡಿಯಂ ಅದು. ಆದರೆ ಕ್ಯಾಮೆರಾ ತಿರುಗಿದ ಕಡೆಯಲ್ಲೆಲ್ಲ ಬರೀ ಕುರ್ಚಿಗಳು.

"ನಿಜವಾದದ್ದೇ ಕಣೋ. ವೆಸ್ಟ್ ಇಂಡೀಸ್ 162ಕ್ಕೆ ಆಲ್ ಔಟ್ ಆಗಿದೆ ನೋಡು."

"ಮತ್ತೆ ನೋಡೋರೆಲ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ನೋಡುವುದನ್ನು ಬಿಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಅದಕ್ಕೇ ಇರಬೇಕು.

ನಾನು ಹುಟ್ಟಿದ್ದು 1952ರಲ್ಲಿ. ಭಾರತ ಮೊದಲ ಟೆಸ್ಟ್ ಗೆದ್ದದ್ದೂ ಅದೇ ವರ್ಷ, ಮದರಾಸಿನಲ್ಲಿ, ಇಂಗ್ಲೆಂಡಿನ ಮೇಲೆ. ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಂದರೆ ಒಂದು ಗೆಲುವು ಕಾಣಲು 20 ವರ್ಷ ಹಿಡಿಯಿತು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಗುಮಾಸ್ತನಾಗಿ. ಹೀಗೆ ಲೆಕ್ಕ ಹಾಕುವ ಚಾಳಿ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ನಮ್ಮ ಬಾಲ್ಯದ ಕ್ರಿಕೆಟ್ ಖಾತೆಯಲ್ಲಿ ಜಮೆಗಿಂತ ಖರ್ಚೇ ಹೆಚ್ಚು. ಸೋಲು, ಇಲ್ಲವೇ ಡ್ರಾ. ಗೆಲುವು ಅನ್ನುವುದು ದೊಡ್ಡ ಜಾತ್ರೆಯ ಹಾಗೆ, ಯಾವಾಗಲೋ ಒಮ್ಮೆ.

ಅಂಥ ಒಂದು ಜಾತ್ರೆ 1971ರ ಗಣೇಶ ಚೌತಿಯ ದಿನ ಬಂತು. ಅದು ಆಗಸ್ಟ್ 24. ಲಂಡನ್ನಿನ ಓವಲ್ ಮೈದಾನದಲ್ಲಿ ಟೆಸ್ಟಿನ ಕೊನೆಯ ದಿನ. ಹಿಂದಿನ ದಿನ ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಮಲಗಿಸಿದ್ದರು. ಮಕ್ಕಳೇ, ಇವರ ವಿಷಯ ನಿಮಗೆ ಹೇಳಲೇಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಬಲಗೈ ಸೊರಗಿತ್ತು. ಆ ಕೈಯಲ್ಲೇ ಅವರು ಬೌಲಿಂಗ್ ಮಾಡಿದ್ದು. ಫೀಲ್ಡಿಂಗ್ ಮಾಡಿ ಚೆಂಡು ಎಸೆಯುವುದಕ್ಕೆ ಮಾತ್ರ ಎಡಗೈ. ಬ್ಯಾಟಿಂಗಿನ ಮಾತು ಬೇಡ. ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದ ಮಹಾನುಭಾವರು ಹೊಡೆದ ಒಟ್ಟು ರನ್ 167!

ಗೆಲ್ಲಲು ಭಾರತಕ್ಕೆ 173 ಬೇಕಿತ್ತು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ತೇರಿನ ಬೀದಿಯ ಪಕ್ಕದ ಸೈಕಲ್ ಶಾಪಿನವರ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ನಮಗೆ ಸಂಜೆ ಅಂದರೆ ಅಲ್ಲಿ ಮಧ್ಯಾಹ್ನ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದಲ್ಲ, ಅದಕ್ಕೆ ಅಮ್ಮ "ತಲೆ ಬಗ್ಗಿಸಿಕೊಂಡು ಹೋಗಿ ತಲೆ ಬಗ್ಗಿಸಿಕೊಂಡು ಬಾ" ಎಂದು ಕಟ್ಟಪ್ಪಣೆ ಮಾಡಿ ಕಳಿಸಿದರು. ಹೋಗಿ ನೋಡಿದರೆ ಅಂಗಡಿ ಮುಂದೆ ಆಗಲೇ ಮೂವತ್ತು ಜನ. ಎಲ್ಲರೂ ನೆಲ ನೋಡುತ್ತಾ ನಿಂತಿದ್ದಾರೆ! ಟ್ರಾನ್ಸಿಸ್ಟರ್ ಹತ್ತು ಮಾತಿನಲ್ಲಿ ಆರನ್ನು ನುಂಗಿ ನಾಲ್ಕನ್ನು ನಮಗೆ ಕೊಡುತ್ತಿತ್ತು. ವಿಶ್ವನಾಥ್ 33ಕ್ಕೆ ಔಟಾದರು, ಗೆಲುವಿನ ಬಾಗಿಲಲ್ಲಿ. ಸೈಕಲ್ ಶಾಪಿನ ಯಜಮಾನರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಹಾಕಿದರು. ಆಮೇಲೆ ಅಬಿದ್ ಅಲಿ ಚೆಂಡನ್ನು ಬೌಂಡರಿಗೆ ಅಟ್ಟಿ ಮುಗಿಸಿದರು. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. ಅಲ್ಲಿನ ಭಾರತೀಯರು ಹಬ್ಬದ ದಿನವೆಂದು ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಮೈದಾನಕ್ಕೆ ತಂದಿದ್ದರು ಎಂದು ಆಮೇಲೆ ಪೇಪರಿನಲ್ಲಿ ಓದಿದೆವು.

"ಮೇಲಿರೋ ಚಂದ್ರನ್ನ ನೋಡಿದ್ರೆ ತಾನೇ ದೋಷ? ನಮ್ಮ ಚಂದ್ರನಿಗೆ ಜೈ ಅನ್ರೋ" ಎಂದು ಯಾರೋ ಕೂಗಿದರು. ನಗುವಿನ ಭರದಲ್ಲಿ ತಲೆಯೆತ್ತಿಬಿಟ್ಟೆ. ಕಂಡೇಬಿಟ್ಟ. ಡಬ್ಬದಲ್ಲಿದ್ದ ಕಡುಬು ಕಡಿಮೆಯಾದ ಅಪವಾದ ಮಾರನೆಯ ದಿನವೇ ನನ್ನ ಮೇಲೆ ಬಂತು. ತಿಂದವನು ನಾನೇ, ಆ ಮಾತು ಬೇರೆ.

1974ರಲ್ಲಿ ಕೆಲಸ ಸಿಕ್ಕಿ ಟಿ. ನರಸೀಪುರದ ಬ್ರಾಂಚಿಗೆ ಹೋದೆ. ನಮ್ಮೂರ ಕಪಿಲೆಯೂ ಹರಿದು ಸೇರುವುದು ಅಲ್ಲಿಗೇ, ಕಾವೇರಿಯನ್ನು. ಅಲ್ಲಿ ನಮ್ಮ ಅಟೆಂಡರ್ ಒಬ್ಬರಿದ್ದರು. ಹೆಸರು ಬೇರೆ, ಆದರೆ ಮ್ಯಾನೇಜರಿಂದ ಹಿಡಿದು ಎಲ್ಲರೂ ಅವರನ್ನು ದೊಡ್ಡಣ್ಣ ಅನ್ನುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಕೂತು ದಬ್ಬಳ ಹಿಡಿದು ವೋಚರ್ ಹೊಲಿಯುವುದು ಅವರ ಕೆಲಸ. ಟೆಸ್ಟ್ ಇದ್ದ ದಿನ ಅವರ ಪಕ್ಕದಲ್ಲಿ ಹಳೇ ಲೆಡ್ಜರುಗಳ ಮರೆಯಲ್ಲಿ ಒಂದು ಟ್ರಾನ್ಸಿಸ್ಟರ್. ಕಾಮೆಂಟ್ರಿ ಇಂಗ್ಲಿಷಿನಲ್ಲಿ. ದೊಡ್ಡಣ್ಣನಿಗೆ ಒಂದಕ್ಷರ ಇಂಗ್ಲಿಷ್ ಬಾರದು. ಆದರೂ ಬಾಗಿಲಿಂದ ಕೈ ಹೊರಗೆ ಚಾಚಿ ಕೌಂಟರಿನಲ್ಲಿದ್ದ ನಮಗೆ ಸುದ್ದಿ ಮುಟ್ಟಿಸುತ್ತಿದ್ದರು. ನಾಲ್ಕು ಬೆರಳು ಅಂದರೆ ಫೋರ್, ಮುಷ್ಟಿ ಅಂದರೆ ವಿಕೆಟ್. ಒಮ್ಮೆಯೂ ತಪ್ಪಲಿಲ್ಲ.

"ಹೆಂಗ್ ಗೊತ್ತಾಯ್ತದೆ ದೊಡ್ಡಣ್ಣ?" ಎಂದು ಕೇಳಿದ್ದೆ.

"ಜನದ ಗಲಾಟೆ ಕೇಳಿ ಸಾರ್. ಫೋರ್ ಹೋದ್ರೆ ಹೊಳೆ ಬಂದಂಗೆ ಏರ್ತದೆ, ಮೆಲ್ಲಗೆ ಇಳೀತದೆ. ನಮ್ಮೋನು ಔಟಾದ್ರೆ ಬಾವಿಗೆ ಕೊಡ ಬಿದ್ದಂಗೆ. ಒಂದೇ ಸದ್ದು, ಆಮೇಲೆ ಏನೂ ಇಲ್ಲ."

1975ರ ಜನವರಿ 11, ಶನಿವಾರ. ಅರ್ಧ ದಿನದ ಬ್ಯಾಂಕು. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ಟೆಸ್ಟ್. ಆಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದರು, ಒಂದು ಕಡೆ ವಿಕೆಟ್ ಉದುರುತ್ತಿದ್ದರೆ ಇನ್ನೊಂದು ಕಡೆ ಭದ್ರಾವತಿಯ ವಿಶ್ವನಾಥ್ ನಿಂತಿದ್ದರು. ಕೌಂಟರ್ ಮುಚ್ಚಿದರೂ ಒಬ್ಬರೂ ಮನೆಗೆ ಹೊರಡಲಿಲ್ಲ. ವಿಶ್ವನಾಥ್ ಮೂರಂಕಿಯ ಹತ್ತಿರ. ಕೊನೆಯ ಜೊತೆಗಾರ ಯಾರು? ನಮ್ಮ ಚಂದ್ರಶೇಖರ್! ದೊಡ್ಡಣ್ಣ ದಬ್ಬಳ ಕೆಳಗಿಟ್ಟು ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಬಾವಿಗೆ ಕೊಡ ಬಿದ್ದ ಸದ್ದು. ದೊಡ್ಡಣ್ಣನ ಮುಷ್ಟಿ ಮೇಲೇಳಲೇ ಇಲ್ಲ, ತೊಡೆಯ ಮೇಲೇ ಬಿಗಿಯಿತು. ವಿಶ್ವನಾಥ್ ಔಟಾಗದೆ 97, ಭಾರತ 190. ಆ ಟೆಸ್ಟನ್ನು ನಾವು 100 ರನ್ನಿನಿಂದ ಗೆದ್ದೆವು. ಆದರೆ ಅರ್ಧ ಶತಮಾನದ ಮೇಲೂ ನನ್ನ ಮನಸ್ಸಿನಲ್ಲಿರುವುದು ಆ ಬರದ ಮೂರು ರನ್ನು.

ಇನ್ನೊಂದು ಸಂಗತಿ ಹೇಳುತ್ತೇನೆ, ಕ್ರಿಕೆಟ್ಟಿಗೆ ಸಂಬಂಧ ಇಲ್ಲ ಅನ್ನಿಸಿದರೂ ಕೇಳಿ. ಆಗೆಲ್ಲ ದಿನದ ಲೆಕ್ಕ ಕೈಯಲ್ಲೇ ತಾಳೆ ಮಾಡಬೇಕಿತ್ತು. ಒಂದು ರೂಪಾಯಿ ಎಪ್ಪತ್ತು ಪೈಸೆ ವ್ಯತ್ಯಾಸ ಬಂದರೂ ಇಡೀ ಬ್ರಾಂಚು ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿತ್ತು. ದೊಡ್ಡಣ್ಣ ಎರಡು ಸಲ ಕಾಫಿ ತರುತ್ತಿದ್ದರು. ಸಿಕ್ಕಿದಾಗ ಲಾಟರಿ ಹೊಡೆದಷ್ಟು ಸಂತೋಷ. ಆಮೇಲೆ ಕಂಪ್ಯೂಟರ್ ಬಂತು. ಲೆಕ್ಕ ತಾನೇ ತಾಳೆಯಾಯಿತು. ಒಳ್ಳೆಯದೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಐದೂವರೆಗೆ ಎಲ್ಲರೂ ಚೀಲ ಹಿಡಿದು ಹೊರಟುಬಿಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ.

ನಮ್ಮ ಟೆಸ್ಟ್ ತಂಡದ ಲೆಕ್ಕವೂ ಹಾಗೇ ತಾಳೆಯಾಗತೊಡಗಿತು. 2009ರ ಡಿಸೆಂಬರಿನಲ್ಲಿ ಭಾರತ ಮೊದಲ ಬಾರಿಗೆ ಟೆಸ್ಟ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಆ ಸುದ್ದಿ ಓದಿ ನಾನು ಮಾಡಿದ್ದೇನು? ಪುಟ ತಿರುಗಿಸಿ ತುಟ್ಟಿಭತ್ಯೆಯ ಸುದ್ದಿ ಹುಡುಕಿದೆ. 2013ರಿಂದ 2024ರವರೆಗೆ ನಮ್ಮ ನೆಲದಲ್ಲಿ ಸಾಲಾಗಿ 18 ಸರಣಿ ಗೆದ್ದರು. 2019ರಲ್ಲಿ ದಕ್ಷಿಣ ಆಫ್ರಿಕಾವನ್ನು 3-0ಯಿಂದ ಸೋಲಿಸಿದಾಗ ರಾಂಚಿಯಲ್ಲಿ ಕುರ್ಚಿಗಳು ಖಾಲಿ. ಟೆಸ್ಟ್‌ಗಳಿಗೆಂದು ಐದೇ ಊರು ಗೊತ್ತುಮಾಡಿ ಎಂದು ನಾಯಕ ವಿರಾಟ್ ಕೊಹ್ಲಿ ಹೇಳಬೇಕಾಯಿತು. ಊರು ಐದಾದರೇನು, ಐವತ್ತಾದರೇನು? ಯಾರು ಗೆಲ್ಲುತ್ತಾರೆಂದು ಬೆಳಗ್ಗೆಯೇ ಗೊತ್ತಿದ್ದರೆ ಕೆಲಸದ ದಿನ ಬಿಸಿಲಲ್ಲಿ ಏಳು ಗಂಟೆ ಕೂರುವವರು ಯಾರು?

ನನ್ನದೇ ಕಥೆ ಹೇಳುತ್ತೇನೆ, ನಾಚಿಕೆಯಾಗುತ್ತದೆ. 2021ರ ಜನವರಿ 19ರಂದು ಬ್ರಿಸ್ಬೇನಿನ ಗಾಬಾದಲ್ಲಿ ಕೊನೆಯ ದಿನ. ಆಸ್ಟ್ರೇಲಿಯಾ ಅಲ್ಲಿ 1988ರಿಂದ ಸೋತೇ ಇರಲಿಲ್ಲ. ನಮ್ಮ ಗುರಿ 328. ಬೆಳಗ್ಗೆ ಸ್ವಲ್ಪ ಹೊತ್ತು ನೋಡಿ, ಹೆಚ್ಚೆಂದರೆ ಡ್ರಾ ಎಂದು ಆರಿಸಿ, ಕರಿಬೇವಿನ ಗಿಡದ ಪಾತಿ ಕೆದಕಲು ಹೋದೆ. ಮಧ್ಯಾಹ್ನ ಫೋನು. ದೊಡ್ಡಣ್ಣ.

"ಗೆದ್ಬುಟ್ರಲ್ಲ ಸಾರ್! ಆ ಪಂತ್ ಹುಡುಗ ಏನಾಡ್ದ!"

"ಹೌದಾ?" ಅಂದೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೀವ್ ನೋಡ್ಲಿಲ್ವಾ ಸಾರ್?" ಅಂದರು. ಆ ದನಿ ನನ್ನನ್ನು ಬಹಳ ದಿನ ಕಾಡಿತು.

ವಿಚಿತ್ರವೆಂದರೆ, 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಆಲ್ ಔಟ್ ಆದಾಗ ಹಳೆಯ ಸ್ನೇಹಿತರ ಫೋನುಗಳು ಒಂದರ ಮೇಲೊಂದು ಬಂದವು. ಸರಣಿ 3-0ಯಿಂದ ಹೋಯಿತು. ಬೈದುಕೊಂಡೆವು, ಬಹಳ ವರ್ಷದ ಮೇಲೆ ಮನಸಾರೆ ಮಾತಾಡಿದೆವು. 2025ರ ಆಗಸ್ಟ್ 4ರ ಸೋಮವಾರ, ಅದೇ ಓವಲ್ಲಿನಲ್ಲಿ ಇಂಗ್ಲೆಂಡಿಗೆ 35 ರನ್ ಬೇಕು, ನಮಗೆ 4 ವಿಕೆಟ್ ಬೇಕು. ಒಂದು ಗಂಟೆಯೂ ನಡೆಯದ ಆಟಕ್ಕೆ ಸ್ಟೇಡಿಯಂ ತುಂಬಿತ್ತು. ನಾವು 6 ರನ್ನಿನಿಂದ ಗೆದ್ದೆವು. ಸಿರಾಜ್ ಕೊನೆಯ ಇನಿಂಗ್ಸಿನಲ್ಲಿ ಐದು ವಿಕೆಟ್, ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ನಾಲ್ಕು. ಅದನ್ನೂ ನಾನು ನೋಡಿದ್ದು ರಾತ್ರಿ ಮೊಬೈಲಿನಲ್ಲಿ, ಮೂರು ನಿಮಿಷದ ತುಣುಕಾಗಿ.

ಇಷ್ಟೆಲ್ಲ ತಲೆಯಲ್ಲಿ ಸುಳಿದ ಮೇಲೆ, ವಿಜಯದಶಮಿಯ ಮಾರನೆಯ ಬೆಳಗ್ಗೆ ಮೊಮ್ಮಗನನ್ನು ಕರೆದುಕೊಂಡು ನರಸೀಪುರದ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ, ಹುಡುಕಿ ತಂದದ್ದು. ದೊಡ್ಡಣ್ಣನಿಗೆ ಈಗ ಎಂಬತ್ತೈದು ದಾಟಿದೆ. ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಸೊಸೆ ಬಾಗಿಲು ತೆಗೆದರು. ಒಳಗೆ ಟಿ.ವಿ.ಯಲ್ಲಿ ಅಹಮದಾಬಾದ್, ಹಿಂದಿ ಕಾಮೆಂಟ್ರಿ. ದೊಡ್ಡಣ್ಣ ಚಾಪೆಯ ಮೇಲೆ ಗೋಡೆಗೊರಗಿ, ಹಳೆಯ ಹಾಗೇ ಕಣ್ಣು ಮುಚ್ಚಿ ಕೂತಿದ್ದರು. ನಾವು ಕೂತು ಕುಶಲ ಕೇಳುತ್ತಿದ್ದಂತೆಯೇ ಸುರತ್ಕಲ್ಲಿನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ ನೂರು ಮುಟ್ಟಿದರು.

"ಯಾಕ್ ಸಾರ್, ಸದ್ದೇ ಇಲ್ಲ?" ಅಂದರು ದೊಡ್ಡಣ್ಣ. "ಮಳೆ ಬಂತಾ?"

ನನ್ನ ಗಂಟಲು ಕಟ್ಟಿತು. ಮೊಮ್ಮಗನೇ ಹೇಳಿದ: "ಇಲ್ಲ ತಾತ, ರಾಹುಲ್ ಸೆಂಚುರಿ ಹೊಡೆದ. ಸ್ಟೇಡಿಯಂನಲ್ಲಿ ಜನ ಇಲ್ಲ."

"ಸೆಂಚುರಿಗೆ ಇಷ್ಟೇ ಸದ್ದಾ?" ಎಂದು ಅವರು ಕೇಳಿದ್ದು ನನ್ನನ್ನಲ್ಲ, ಆ ಟಿ.ವಿ.ಯನ್ನು.

ಮೊಮ್ಮಗ ನನ್ನ ಮುಖ ನೋಡಿದ. ಆಮೇಲೆ ಜರುಗಿ ದೊಡ್ಡಣ್ಣನ ಪಕ್ಕಕ್ಕೆ ಕೂತು ಹೇಳತೊಡಗಿದ. ಬೌಲರ್ ಓಡಿ ಬಂದ, ಹಾಕಿದ, ಬಿಟ್ಟ. ಮತ್ತೆ ಓಡಿ ಬಂದ. ಮೊದಮೊದಲು ಇಷ್ಟೇ. ದೊಡ್ಡಣ್ಣ ಬಿಡಬೇಕಲ್ಲ! "ಸ್ಲಿಪ್ಪಲ್ಲಿ ಎಷ್ಟು ಜನ ಮಗಾ? ಕೀಪರ್ ಮುಂದೆ ನಿಂತವ್ನಾ, ಹಿಂದೆ ನಿಂತವ್ನಾ? ಬೌಲರ್ ಮುಖ ಹೆಂಗದೆ?"

"ಸುಸ್ತಾಗಿದ್ದಾನೆ ತಾತ. ಸೊಂಟದ ಮೇಲೆ ಕೈ ಇಟ್ಕೊಂಡಿದ್ದಾನೆ."

"ಹಂಗಾದ್ರೆ ಇನ್ನೊಂದು ಗಂಟೆ ಹೊಡೀಬೌದು" ಎಂದರು. ಹಾಗೇ ಆಯಿತು.

ಊಟಕ್ಕೆ ಎಬ್ಬಿಸಿದರೂ ಇಬ್ಬರೂ ಏಳಲಿಲ್ಲ, ತಟ್ಟೆ ಅಲ್ಲಿಗೇ ಬಂತು. ಐಪಿಎಲ್ಲೇ ಚೆನ್ನಾಗಿರುತ್ತೆ ತಾತ, ಬೇಗ ಮುಗಿಯುತ್ತೆ ಎಂದು ಹುಡುಗ ವಾದ ಹೂಡಿದ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನವಿದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ದೊಡ್ಡಣ್ಣ ಬೆರಳ ತುದಿ ತೋರಿಸಿ, "ಐಪಿಎಲ್ ಕಾಶಿನೇ ಇರ್ಲಿ ಮಗಾ. ಇದು ಒಂದು ಗುಲಗಂಜಿ ಜಾಸ್ತಿ" ಎಂದುಬಿಟ್ಟರು.

ಮಧ್ಯಾಹ್ನದ ಮೇಲೆ ಧ್ರುವ್ ಜುರೆಲ್ ನೂರು ಮುಟ್ಟಿದಾಗ ಟಿ.ವಿ.ಯಲ್ಲಿ ಮತ್ತೆ ಅದೇ ತೆಳ್ಳಗಿನ ಚಪ್ಪಾಳೆ. ನಮ್ಮ ಹುಡುಗ ಎರಡೂ ಕೈ ಬಾಯಿಗೆ ಬೊಗಸೆ ಮಾಡಿ "ಹೋ..." ಎಂದು ಸಣ್ಣಗೆ ಶುರು ಮಾಡಿ, ಏರಿಸಿ ಏರಿಸಿ, ಮೆಲ್ಲಗೆ ಇಳಿಸಿದ. ಬಸ್ಸಿನಲ್ಲಿ ನಾನು ಹೇಳಿದ್ದ ಹೊಳೆಯ ಮಾತು ನೆನಪಿಟ್ಟುಕೊಂಡಿದ್ದ. ದೊಡ್ಡಣ್ಣ ನಾಲ್ಕು ಬೆರಳು ಎತ್ತಿ ನನ್ನ ಕಡೆ ಚಾಚಿದರು. ಕೌಂಟರ್ ಈ ದಿಕ್ಕಿಗಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ! ಜಡೇಜಾ ಸೆಂಚುರಿಗೂ ಹಾಗೇ ಕೂಗಿದ. ಸೊಸೆ ಒಳಗಿಂದ ಗಾಬರಿಯಾಗಿ ಬಂದು ನೋಡಿ ಹೋದರು.

ಮಾರನೆಯ ದಿನವೇ ಭಾರತ ಇನಿಂಗ್ಸ್ ಮತ್ತು 140 ರನ್ನಿನಿಂದ ಗೆದ್ದಿತು. ಮೊಮ್ಮಗ ಫೋನು ಹಚ್ಚಿ ಸುದ್ದಿ ಹೇಳಿದರೆ ದೊಡ್ಡಣ್ಣನಿಗೆ ಬೇಜಾರು. "ಮೂರೇ ದಿನಕ್ಕೆ ಮುಗಿಸ್ಬುಟ್ರಾ? ಇನ್ನೆರಡು ದಿನ ನಾನೇನ್ ಮಾಡ್ಲಿ?"

ಮುಂದಿನ ಟೆಸ್ಟ್ ದೆಹಲಿಯಲ್ಲಿ. ಹುಡುಗನ ಶಾಲೆಗೆ ರಜೆ ಮುಂದುವರಿದು ಅವನು ನಂಜನಗೂಡಿನಲ್ಲೇ ಉಳಿದಿದ್ದ. ದಿನವೂ ಫೋನಿನಲ್ಲಿ ಕಾಮೆಂಟ್ರಿ. ನಾನೂ ಪಕ್ಕದಲ್ಲಿ ಕೂತೆ, ಪಾತಿಯ ಕೆಲಸ ಹಾಗೇ ಉಳಿಯಿತು. ಫಾಲೋ ಆನ್ ಆದ ವೆಸ್ಟ್ ಇಂಡೀಸ್ ಈ ಸಲ ಸುಲಭಕ್ಕೆ ಮಣಿಯಲಿಲ್ಲ. ನಾಲ್ಕನೆಯ ದಿನ ಒಂಬತ್ತು ವಿಕೆಟ್ ಹೋದ ಮೇಲೂ ಗ್ರೀವ್ಸ್, ಸೀಲ್ಸ್ ಎಂಬ ಇಬ್ಬರು ಆಡುತ್ತಲೇ ಇದ್ದರು. ಆ ಕೊನೆಯ ಜೋಡಿ 79 ರನ್ ಸೇರಿಸಿತು. ಓವರು ಮುಗಿದಂತೆಲ್ಲ ಫೋನಿನಲ್ಲಿ ದೊಡ್ಡಣ್ಣನ ದನಿ ಏರುತ್ತಿತ್ತು: "ಇನ್ನೂ ಔಟಾಗ್ಲಿಲ್ವಾ? ಭೇಷ್! ನಿಲ್ಲಿ ಕಣ್ರಪ್ಪಾ, ನಾಳೆವರ್ಗೂ ನಿಲ್ಲಿ!"

ಮೊಮ್ಮಗ ಫೋನಿಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ನನ್ನನ್ನು ಕೇಳಿದ: "ತಾತ, ದೊಡ್ಡಣ್ಣ ತಾತ ಯಾವ ಟೀಮು?"