ಮಿದುಳಿಗೆ ಬಂದ ಅಪವಾದ

ನಮ್ಮ ಮನೆಯಲ್ಲಿ 2004ನೆಯ ಇಸವಿಯ ಒಂದು ಪುಟ್ಟ ಕಾರಿದೆ. ಉಪಾಧ್ಯಾಯವೃತ್ತಿಯಲ್ಲಿದ್ದಾಗ ಸಾಲಮಾಡಿ ಕೊಂಡದ್ದು, ನಮ್ಮೊಡನೆಯೇ ಮುಪ್ಪಾಗಿದೆ. ಮಾರಿಬಿಡಿರೆಂದು ಮಕ್ಕಳು ಹೇಳುವರು. ಮುದುಕರನ್ನು ಮಾರುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲವೆಂದು ನಾವು ಉತ್ತರ ಕೊಡುವೆವು.

ಕಳೆದ ಮಳೆಗಾಲದಲ್ಲಿ ಈ ಕಾರಿಗೆ ಒಂದು ವಿಚಿತ್ರ ವ್ಯಾಧಿ ತಗುಲಿತು. ರಾಮನಗರದಿಂದ ಮಾಗಡಿಯ ದಾರಿಯಲ್ಲಿ ಹೋಗುತ್ತಿರುವಾಗ, ಹಳ್ಳವೊಂದರಲ್ಲಿ ಕುಲುಕಿದೊಡನೆ ಇಂಜಿನು ನಿಂತುಹೋಯಿತು. ಕಾಲು ಗಂಟೆ ಕಾದು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮರುವಾರ ಕನಕಪುರದ ದಾರಿಯಲ್ಲಿಯೂ ಹೀಗೆಯೇ. ಅಂದು ಕತ್ತಲಾಗಿತ್ತು, ಮಳೆ ಸುರಿಯುತ್ತಿತ್ತು; ಮೊಣಕಾಲು ನೋವಿನ ನಮ್ಮ ಮನೆಯವರು ಒಳಗೆ ಕುಳಿತಿದ್ದರು. ಹಿಂದಿನಿಂದ ಬಂದ ಲಾರಿಯು ಗೇಣಿನ ಅಂತರದಲ್ಲಿ ಪಕ್ಕಕ್ಕೆ ಸರಿದುಹೋಯಿತು. ಆಮೇಲೆ ನಮಗೆ ನಗು ಬರಲಿಲ್ಲ.

ಗ್ಯಾರೇಜೊಂದರಲ್ಲಿ ತರುಣರೊಬ್ಬರು ಪರೀಕ್ಷಾಯಂತ್ರವನ್ನು ಜೋಡಿಸಿ, “ಸಂಪರ್ಕವೇ ಸಿಗ್ತಿಲ್ಲ ಸಾರ್, ಇ.ಸಿ.ಎಂ. ಹೋಗಿದೆ, ಹೊಸದು ಹಾಕಬೇಕು” ಎಂದರು. ಅವರು ಹೇಳಿದ ಬೆಲೆಯು ನಮ್ಮ ಒಂದು ತಿಂಗಳ ನಿವೃತ್ತಿವೇತನದಷ್ಟಿತ್ತು.

ವಾಚಕರಲ್ಲಿ ಕೆಲವರಿಗೆ ಈ ಪದಾರ್ಥವು ಅಪರಿಚಿತವಿರಬಹುದು. ಇ.ಸಿ.ಎಂ. ಎಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್, ಇಂಜಿನಿನ ಮಿದುಳೆನ್ನಬಹುದು. ಹಿಂದಿನ ಕಾರುಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕೆಲಸ ಕಾರ್ಬುರೇಟರಿನದಾಗಿತ್ತು. ಈಗಲಾದರೋ ಶಾಖವೆಷ್ಟು, ಗಾಳಿಯೆಷ್ಟು, ಇಂಜಿನಿನ ವೇಗವೆಷ್ಟೆಂಬುದನ್ನು ಸೆನ್ಸರುಗಳೆಂಬ ಇಂದ್ರಿಯಗಳು ತಂತಿಗಳ ಮೂಲಕ ಈ ಪೆಟ್ಟಿಗೆಗೆ ತಿಳಿಸುವುವು. ಪೆಟ್ರೋಲು ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕೆಂದು ಪೆಟ್ಟಿಗೆಯು ಲೆಕ್ಕಹಾಕಿ ಆಜ್ಞಾಪಿಸುವುದು.

ನಾವು ಹಣ ಹೊಂದಿಸುತ್ತಿರುವಾಗ ನೆರೆಯವರು ಚನ್ನಪಟ್ಟಣದ ವೃದ್ಧ ಮೇಸ್ತ್ರಿಯೊಬ್ಬರನ್ನು ಸೂಚಿಸಿದರು. ಬೊಂಬೆ ಮಾಡುವವರ ಬೀದಿಯ ಕೊನೆಗೆ, ಅರಗಿನ ವಾಸನೆಯ ನಡುವೆ, ಅವರ ಶೆಡ್ಡು. ನಮ್ಮ ಕಥೆಯನ್ನೆಲ್ಲ ಕೇಳಿ ಅವರು, “ಮೇಷ್ಟ್ರೇ, ತಲೆ ಕೆಟ್ಟಿದೆ ಅನ್ನೋಕೆ ಮುಂಚೆ ಹೊಟ್ಟೆಗೆ ಅನ್ನ ಬಿದ್ದಿದೆಯಾ ಅಂತ ನೋಡ್ಬೇಕಲ್ವಾ?” ಎಂದರು.

ಅವರ ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಬ್ಯಾಟರಿ: ಮೀಟರು 12.6 ವೋಲ್ಟು ತೋರಿಸಿತು, ದೋಷವಿಲ್ಲ. ಬಳಿಕ ಫ್ಯೂಸು, ರಿಲೇಗಳು, ಅವೂ ಸರಿಯಾಗಿದ್ದುವು. ಅನಂತರ ಇಂಜಿನನ್ನು ಹೊರಡಿಸದೆ ಕೀಲಿಯನ್ನು ಮಾತ್ರ ತಿರುಗಿಸಿದರು. ಆಗ ಇಂಜಿನಿನ ಚಿಹ್ನೆಯ ದೀಪ ಹೊತ್ತಬೇಕು. ಹೊತ್ತದಿದ್ದರೆ ದೀಪವೇ ಸುಟ್ಟಿರಬೇಕು, ಇಲ್ಲವೆ ಪೆಟ್ಟಿಗೆಗೆ ವಿದ್ಯುತ್ತು ಸರಿಯಾಗಿ ಮುಟ್ಟುತ್ತಿಲ್ಲವೆಂದು ಶಂಕಿಸಬೇಕು. ನಮ್ಮ ಕಾರಿನಲ್ಲಿ ದೀಪ ಹೊತ್ತಿತು. ಕೊನೆಗೆ ಮೇಸ್ತ್ರಿಗಳು, ಪೆಟ್ಟಿಗೆಯಿಂದ ಬಂದು ಇಂಜಿನಿನ ಲೋಹಕ್ಕೆ ಬಿಗಿದಿರುವ ಅರ್ತ್ ತಂತಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ಮೀಟರನ್ನು ಹಿಡಿದರು. ಅಲ್ಲಿ ಅಂಕಿಯು ಸೊನ್ನೆಯ ಹತ್ತಿರವಿರತಕ್ಕದ್ದು. ತಂತಿಯನ್ನು ಬೆರಳಿನಿಂದ ಅಲುಗಿಸಿದೊಡನೆ ಅಂಕಿಯು ಹಲವು ವೋಲ್ಟುಗಳಿಗೆ ಏರಿತು, ದೀಪವೂ ಆರಿಹೋಯಿತು.

ಬೋಲ್ಟು ಬಿಚ್ಚಿದರೆ ತುದಿಯೆಲ್ಲ ಹಸುರು ಕಿಲುಬು. ಬ್ಯಾಟರಿಯ ನೆಗೆಟಿವನ್ನು ಕಳಚಿ, ಲೋಹವನ್ನು ಹೊಳೆಯುವಂತೆ ಉಜ್ಜಿ, ತಂತಿಗೆ ಹೊಸ ತುದಿಯನ್ನು ಹಾಕಿ ಬಿಗಿದರು. ಮೇಸ್ತ್ರಿಗಳು ಪಡೆದದ್ದು 300 ರೂಪಾಯಿ. ಅಂದಿನಿಂದ ಕಾರು ಎಲ್ಲಿಯೂ ನಿಂತಿಲ್ಲ.

ಮಿದುಳು ಕೆಡುವುದೇ ಇಲ್ಲವೆಂದು ಇದರ ಅರ್ಥವಲ್ಲ. ನೀರು ಹೊಕ್ಕರೆ, ಬ್ಯಾಟರಿಯ ತಂತಿಗಳನ್ನು ತಿರುಗುಮುರುಗಾಗಿ ಜೋಡಿಸಿದರೆ ಅದೂ ಕೆಡುವುದುಂಟು. ಹೊಸದನ್ನು ಹಾಕುವುದಾದರೆ ಪೆಟ್ಟಿಗೆಯ ಮೇಲಿನ ಸಂಖ್ಯೆ ನಮ್ಮ ಕಾರಿಗೆ ಹೊಂದಬೇಕು. ಕಳ್ಳರನ್ನು ತಡೆಯುವ ಕೀಲಿಯುಳ್ಳ ಕಾರುಗಳಲ್ಲಿ ಕೀಲಿಗೂ ಪೆಟ್ಟಿಗೆಗೂ ಪುನಃ ಪರಿಚಯ ಮಾಡಿಸಬೇಕು. ಇಷ್ಟು ತೊಡಕಿನ ವಸ್ತುವನ್ನು ಎಲ್ಲಕ್ಕೂ ಕಡೆಯಲ್ಲಿ ಶಂಕಿಸುವುದೇ ಕ್ರಮ.

ನಮಗೆ ನಾಚಿಕೆಯಾದುದು ಬೇರೊಂದು ಕಾರಣದಿಂದ. ಎಳೆಯ ವಯಸ್ಸಿನಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠಮಾಡಿದವರು ನಾವು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಮಿದುಳು ಕೆಟ್ಟರೆ ಇಂಜಿನು ನಿಲ್ಲುವುದು ನಿಜ. ಇಂಜಿನು ನಿಂತಿತೆಂದು ಮಿದುಳು ಕೆಟ್ಟಿತೆನ್ನುವುದು ಅದೇ ಹಳೆಯ ದೋಷ. ಗ್ಯಾರೇಜಿನಲ್ಲಿ ನಾವು ತಲೆಯಾಡಿಸಿ ಒಪ್ಪಿಬಿಟ್ಟಿದ್ದೆವು.

ಅಷ್ಟೇ ಅಲ್ಲ. ಮಾಗಡಿಯ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಾವಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬನು ಕರಿಹಲಗೆಯ ಮೇಲಿನದನ್ನು ಎಂದೂ ಸರಿಯಾಗಿ ಬರೆದುಕೊಳ್ಳುತ್ತಿರಲಿಲ್ಲ. ಅವನು ಮಂದಮತಿಯೆಂದು ಅವನ ತಂದೆಗೆ ಹೇಳಿದವರು ನಾವೇ. ತಂದೆಯು ಶಾಲೆ ಬಿಡಿಸಿ ಮಗನನ್ನು ರೇಷ್ಮೆಹುಳುವಿನ ಕೆಲಸಕ್ಕೆ ಹಚ್ಚಿದನು. ಎರಡು ವರ್ಷದ ಮೇಲೆ ಊರಿಗೆ ಕಣ್ಣಿನ ವೈದ್ಯರು ಬಂದಾಗ, ಹುಡುಗನಿಗೆ ದೂರದ್ದು ಕಾಣಿಸುತ್ತಿರಲಿಲ್ಲವೆಂದು ತಿಳಿಯಿತು. ಕನ್ನಡಕವೇನೋ ಬಂದಿತು, ಹುಡುಗನು ಶಾಲೆಗೆ ಹಿಂತಿರುಗಲಿಲ್ಲ.

ಈಗ ಪ್ರತಿದಿನ ಕೀಲಿ ತಿರುಗಿಸಿದಾಗ ಆ ಸಣ್ಣ ದೀಪವು ಹೊತ್ತಿ, ಇಂಜಿನು ಹೊರಟೊಡನೆ ಆರುವುದನ್ನು ಕಾದು ನೋಡುವೆವು. ಆ ಕ್ಷಣಮಾತ್ರದಲ್ಲಿ ಆ ಹುಡುಗನು ನೆನಪಾಗುವನು.