ಗಿರಣಿ, ಗಡಿಯಾರ, ಗ್ರಂಥಾಲಯ

ಬೆಂಗಳೂರಿನ ಪಶ್ಚಿಮ ಭಾಗವನ್ನು ಬೆಳೆಸಿದ್ದು ಗಿರಣಿಗಳು ಮತ್ತು ಕಾರ್ಖಾನೆಗಳು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳು, ಮಾಗಡಿ ರಸ್ತೆಯ ಮಗ್ಗುಲಿನ ಬಿನ್ನಿಪೇಟೆ, ಯಶವಂತಪುರದ ದಾರಿಯ ಸೋಪಿನ ಕಾರ್ಖಾನೆ, ಅದರಾಚೆ ಪೀಣ್ಯ: ಇವುಗಳ ಪಾಳಿಗೆ ಹೋಗಿಬರುವವರಿಗಾಗಿ ಮನೆಗಳೆದ್ದವು, ಶಾಲೆಗಳು ಬಂದವು, ಇಎಸ್‌ಐ ಆಸ್ಪತ್ರೆ ಬಂತು. ವಿಜಯನಗರ, ಬಸವೇಶ್ವರನಗರಗಳು ಆಮೇಲೆ ಹರಡಿಕೊಂಡವು. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದ ಕೆಂಗೇರಿಯೂ ಕೊನೆಗೆ ನಗರದೊಳಗೆ ಸೇರಿತು. ಇಂಥ ದುಡಿಮೆಯ ಊರಿನಲ್ಲಿ ಮ್ಯೂಸಿಯಂ, ಗ್ರಂಥಾಲಯ, ಹಳೆಯ ಕಟ್ಟಡಗಳನ್ನು ನೋಡುತ್ತ ತಿರುಗುವುದು ಬಹಳ ತೃಪ್ತಿ ಕೊಡುವ ಹವ್ಯಾಸ. ಅರಮನೆಯ ಊರಿನಲ್ಲಿ ಸಿಂಹಾಸನ ನೋಡುತ್ತಾರೆ. ಇಲ್ಲಿ ಯಂತ್ರ, ಸಾಬೂನು, ಗಡಿಯಾರ ಮತ್ತು ಪುಸ್ತಕ ನೋಡುತ್ತಾರೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಈ ನಾಡಿನಲ್ಲಿ ಕಾರ್ಖಾನೆ ಮತ್ತು ಓದುವ ಮನೆ ಒಂದೇ ಕಾಲದಲ್ಲಿ, ಒಂದೇ ಉದ್ದೇಶದಿಂದ ಹುಟ್ಟಿದವು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಆ ಆರು ವರ್ಷಗಳ ಪಟ್ಟಿ ನೋಡಿದರೆ ಸಾಕು. 1913ರಲ್ಲಿ ಮೈಸೂರು ಬ್ಯಾಂಕು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಅದೇ ವರ್ಷ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ. 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು. ಪುಸ್ತಕ ಒಂದು ಕಡೆ, ಯಂತ್ರ ಒಂದು ಕಡೆ ಎಂದು ಆ ಕಾಲದ ಆಡಳಿತ ಭಾಗ ಮಾಡಿಕೊಳ್ಳಲಿಲ್ಲ. ಪಶ್ಚಿಮ ಬೆಂಗಳೂರಿನಿಂದ ಹೊರಡುವ ತಿರುಗಾಟಕ್ಕೆ ಈ ಪಟ್ಟಿಗಿಂತ ಒಳ್ಳೆಯ ದಾರಿಸೂಚಿ ಬೇಡ.

ತಿರುಗಾಟ ಸೋಪಿನಿಂದ ಶುರುವಾಗುವುದು ಸರಿ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ರಾಜಾಜಿನಗರ, ಮಹಾಲಕ್ಷ್ಮಿ ದಾಟಿದ ಮೇಲೆ ಬರುವ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಒಂದು ಸಾಬೂನಿನ ಕಾರ್ಖಾನೆ ಬಡಾವಣೆಗೆ ಗುರುತಾಗಿ ನಿಂತ ಉದಾಹರಣೆ ಅಪರೂಪ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧದ ಕೊರಡುಗಳನ್ನು ಯೂರೋಪಿಗೆ ಕಳಿಸುವುದು ನಿಂತುಹೋಯಿತು. ಮಾರಾಟವಾಗದೆ ಉಳಿದ ಮರದಿಂದ ಇಲ್ಲಿಯೇ ಎಣ್ಣೆ ತೆಗೆಯೋಣ ಎಂಬ ತೀರ್ಮಾನದಿಂದ ಎಣ್ಣೆ ಕಾರ್ಖಾನೆ ಹುಟ್ಟಿತು; ಎಣ್ಣೆ ಕೈಗೆ ಬಂದ ಮೇಲೆ ಸಾಬೂನಿನ ಯೋಚನೆ ಬಂತು. ಅದನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿ ಎಂಬ ರಸಾಯನ ತಜ್ಞರನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಇಂಗ್ಲೆಂಡಿಗೆ ಕಳಿಸಿತು. ಸೋಪಿನ ಡಬ್ಬಿಯ ಮೇಲಿನ ಶರಭವನ್ನು ಒಮ್ಮೆ ಹತ್ತಿರದಿಂದ ನೋಡಬೇಕು: ಸಿಂಹದ ಮೈ, ಆನೆಯ ತಲೆ, ಸೊಂಡಿಲು. ದೇವಸ್ಥಾನದ ಕಂಬಗಳಲ್ಲಿ ಕಾಣಸಿಗುವ ಇಂಥ ಕಲ್ಪನೆಯ ಮೃಗ ಇಲ್ಲಿ ವ್ಯಾಪಾರ ಮುದ್ರೆಯಾಗಿ ಮನೆಮನೆಯ ಬಚ್ಚಲಿಗೆ ಬಂದಿದೆ. ಕಾರ್ಖಾನೆಯ ಆಸುಪಾಸಿನಲ್ಲಿ ನಡೆದು ಹೋಗುವವರಿಗೆ ಅದರ ಪರಿಮಳ ಇಂದಿಗೂ ಸಿಗುತ್ತದೆ.

ಗಿರಣಿಗಳ ಕಥೆ ಬೇರೆ. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಎರಡು ವರ್ಷಗಳಲ್ಲಿ ಬಿನ್ನಿ ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಅದು ಬಿನ್ನಿ ಮಿಲ್ಲೇ ಆಯಿತು. ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ ಇತ್ತು, ರೈಲುದಾರಿಯ ಹತ್ತಿರ ಮಿನರ್ವ ಮಿಲ್. ಶ್ರೀರಾಮಪುರ, ಕೆ. ಪಿ. ಅಗ್ರಹಾರ, ಬಿನ್ನಿಪೇಟೆಗಳ ಎಷ್ಟೋ ಮನೆಗಳ ದಿನಚರಿ ಮಿಲ್ಲಿನ ಕೂಗಿನ ಮೇಲೆ ನಡೆಯುತ್ತಿತ್ತು. ಈಗ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ನೆಲದಲ್ಲಿ ಒರಾಯನ್ ಮಾಲ್ ಮತ್ತು ಎತ್ತರದ ಕಟ್ಟಡಗಳು ಬಂದಿವೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಹೆಸರು ಮಾತ್ರ ಬಿನ್ನಿಪೇಟೆ, ಬಿನ್ನಿ ಲೇಔಟುಗಳಲ್ಲಿ ಉಳಿದಿದೆ. ಮಗ್ಗ ಒಂದನ್ನೋ, ಹಾಜರಿ ಪುಸ್ತಕ ಒಂದನ್ನೋ ಇಟ್ಟುಕೊಂಡ ಗಿರಣಿ ಮ್ಯೂಸಿಯಂ ಇಲ್ಲಿ ಎದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ತನ್ನ ಹಳೆಯ ಲಿವರ್‌ಪೂಲ್ ರಸ್ತೆಯ ರೈಲು ನಿಲ್ದಾಣವನ್ನೇ ವಿಜ್ಞಾನ ಮತ್ತು ಉದ್ಯಮದ ಮ್ಯೂಸಿಯಮ್ಮಾಗಿ ಮಾಡಿಕೊಂಡಿದೆ; ಹತ್ತಿಗಿರಣಿಯ ಯಂತ್ರಗಳು ಅಲ್ಲಿ ನೋಡುಗರ ಮುಂದೆ ಓಡುತ್ತವೆ. ನಮ್ಮಲ್ಲಿ ಗಿರಣಿಯ ನೆನಪು ಜನರ ಬಾಯಲ್ಲಿದೆ. ಶ್ರೀರಾಮಪುರದ ಹಿರಿಯರನ್ನು ಮಾತಾಡಿಸುವುದೂ ಈ ಹವ್ಯಾಸದ ಒಂದು ಭಾಗವೇ.

ಮಿಲ್ಲಿನ ಯಂತ್ರ ಕಾಣದವರಿಗೆ ಯಂತ್ರವೆಂದರೇನು ಎಂದು ತೋರಿಸುವ ಜಾಗ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಕೆಂಗೇರಿ, ವಿಜಯನಗರಗಳಿಂದ ನೇರಳೆ ಮಾರ್ಗದಲ್ಲಿ ಬಂದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಬೇಕು. ಜವಾಹರಲಾಲ್ ನೆಹರೂ ಇದನ್ನು ಉದ್ಘಾಟಿಸಿದ್ದು 1962ರ ಜುಲೈ 14ರಂದು. ವಿಶ್ವೇಶ್ವರಯ್ಯನವರು ತೀರಿಕೊಂಡು ಆಗ ಸರಿಯಾಗಿ ಮೂರು ತಿಂಗಳಾಗಿತ್ತು. ಇಲ್ಲಿಯ ಮೊದಲ ಗ್ಯಾಲರಿ 1965ರಲ್ಲಿ ತೆರೆಯಿತು; ಅದರ ವಿಷಯ ವಿದ್ಯುತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿದುಬಂದ ನಾಡಿನಲ್ಲಿ ಅದಕ್ಕಿಂತ ತಕ್ಕ ಆರಂಭ ಇರಲಾರದು.

ಈ ಮ್ಯೂಸಿಯಮ್ಮಿನಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಎಂಜಿನ್ ಹಾಲ್‌ನಲ್ಲಿ. ಎಂಜಿನ್ನುಗಳ ಒಡಲನ್ನು ಸೀಳಿ ಒಳಗನ್ನು ತೋರಿಸಿದ್ದಾರೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಹೋಗಿಬರುತ್ತದೆ; ಕನೆಕ್ಟಿಂಗ್ ರಾಡ್ ಅದರ ನೂಕನ್ನು ಕ್ರ್ಯಾಂಕ್‌ಶಾಫ್ಟಿಗೆ ಮುಟ್ಟಿಸುತ್ತದೆ; ಅಲ್ಲಿ ನೇರ ಚಲನೆ ಸುತ್ತುವ ಚಲನೆಯಾಗಿ ಬದಲಾಗುತ್ತದೆ. ಹಬೆ ಎಂಜಿನ್ನಿನಿಂದ ಬೀದಿಯ ಸ್ಕೂಟರಿನವರೆಗೆ ನಡೆದದ್ದು ಈ ಒಂದು ಉಪಾಯದ ಮೇಲೆ. ವಿಮಾನದ ರೇಡಿಯಲ್ ಎಂಜಿನ್ನಿನಲ್ಲಿ ಅದೇ ಸಿಲಿಂಡರುಗಳು ಒಂದು ನಡುವಿನ ಸುತ್ತ ವೃತ್ತವಾಗಿ ಕೂತಿರುತ್ತವೆ. ಅಲ್ಲಿಂದ ಮುಂದೆ ರೈಟ್ ಸಹೋದರರ ಫ್ಲೈಯರಿನ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಬಟ್ಟೆ, ಕಟ್ಟಿಗೆ, ತಂತಿಗಳಿಂದ ಮಾಡಿದ ಆ ವಿಮಾನವನ್ನು ನೋಡಿದ ಮೇಲೆ ಹೊರಗಿನ ಆವರಣದಲ್ಲಿ ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನು ನೋಡಬೇಕು. ಎರಡರ ನಡುವಿನ ಅಂತರ 60 ವರ್ಷಕ್ಕಿಂತ ಕಡಿಮೆ. ಕಾಮಾಕ್ಷಿಪಾಳ್ಯದ ಟರ್ನರ್ ಅಥವಾ ಫಿಟ್ಟರ್ ಒಬ್ಬರು ಮಕ್ಕಳನ್ನು ಕರೆದುಕೊಂಡು ಈ ಹಾಲಿಗೆ ಬಂದರೆ ಫಲಕಗಳನ್ನು ಓದುವ ಅಗತ್ಯವೇ ಬೀಳುವುದಿಲ್ಲ. ತಾವು ದಿನವೂ ಕಡೆಯುವ ಶಾಫ್ಟು, ಬುಷ್ಷು, ಗೇರುಗಳು ಇಡೀ ಯಂತ್ರದಲ್ಲಿ ಎಲ್ಲಿ ಕೂರುತ್ತವೆ ಎಂದು ಅವರೇ ಬೆರಳಿಟ್ಟು ತೋರಿಸಬಲ್ಲರು.

ಗಡಿಯಾರಕ್ಕಾಗಿ ಜಾಲಹಳ್ಳಿಗೆ ಹೋಗಬೇಕು. ಎಚ್‌ಎಂಟಿ ಅಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಯಂತ್ರೋಪಕರಣ ಮಾಡಲು ಶುರುಮಾಡಿ, 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರಕ್ಕೆ ಬಂತು. 2019ರಲ್ಲಿ ಅಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ತೆರೆಯಿತು. ಜನತಾ, ಪೈಲಟ್, ಕಾಂಚನ್, ಸೋನಾ ಎಂಬ ಹೆಸರುಗಳನ್ನು ಕೇಳಿದರೆ ಒಂದು ತಲೆಮಾರಿಗೆ ಮದುವೆ, ಮೊದಲ ಸಂಬಳ, ನಿವೃತ್ತಿಯ ದಿನಗಳು ನೆನಪಾಗುತ್ತವೆ. ಕಣ್ಣಿಲ್ಲದವರು ಮುಟ್ಟಿ ಹೊತ್ತು ತಿಳಿಯಲೆಂದು ಮಾಡಿದ ಬ್ರೈಲ್ ಗಡಿಯಾರವೂ ಎಚ್‌ಎಂಟಿಯ ಕೆಲಸವೇ. ಒಂದು ಜನತಾ ಗಡಿಯಾರವನ್ನು ಕೈಯಲ್ಲಿ ಹಿಡಿದರೆ ಅದರ ಮುಖದಲ್ಲಿ 17 ಜುವೆಲ್ಸ್ ಎಂದು ಬರೆದಿರುತ್ತದೆ. ಅವು ಒಡವೆಯ ಹರಳುಗಳಲ್ಲ. ಸಣ್ಣ ಗಾಲಿಗಳ ಅಚ್ಚು ಸವೆಯದೆ ತಿರುಗಲು ಇಟ್ಟ ಕೃತಕ ಮಾಣಿಕ್ಯದ ಬೇರಿಂಗುಗಳು. ಕೀ ಕೊಟ್ಟಾಗ ಸುರುಳಿ ಸ್ಪ್ರಿಂಗು ಬಿಗಿಯುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಳ್ಳದಂತೆ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಬಡಿತದಂತೆ ತಡೆತಡೆದು ಬಿಡುತ್ತದೆ. ಕಿವಿಗೆ ಹಿಡಿದಾಗ ಕೇಳುವ ಟಿಕ್ ಟಿಕ್ ಆ ತಡೆಯ ಸದ್ದು. ಇಷ್ಟು ಸೂಕ್ಷ್ಮದ ಕೆಲಸವನ್ನು ಈ ಊರಿನ ಹೆಂಗಸರು, ಗಂಡಸರು ದಿನವೂ ಮಾಡಿದ್ದರು ಎಂಬುದು ಹೆಮ್ಮೆಯ ಸಂಗತಿ.

ಯಂತ್ರಗಳಿಗಿಂತ ಹಿಂದಿನ ಕಾಲಕ್ಕೆ ಹೋಗಲು ಮತ್ತೆ ಕಸ್ತೂರ್ಬಾ ರಸ್ತೆಗೆ ಬರಬೇಕು. ಕೈಗಾರಿಕಾ ಮ್ಯೂಸಿಯಮ್ಮಿನ ನೆರೆಯಲ್ಲೇ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಇದರ ಸ್ಥಾಪನೆಯಲ್ಲಿ ಮುಂದಾಳಾಗಿದ್ದ ಎಡ್ವರ್ಡ್ ಬಾಲ್ಫರ್ ಅದಕ್ಕೂ ಮೊದಲು ಮದರಾಸಿನ ಮ್ಯೂಸಿಯಮ್ಮನ್ನು ಕಟ್ಟಿದವರು. ಇಲ್ಲಿಯ ಕಲ್ಲುಗಳಲ್ಲಿ ಮಂಡ್ಯ ಸೀಮೆಯ ಆತಕೂರಿನಿಂದ ಬಂದ ಶಾಸನದ ಮುಂದೆ ನಿಲ್ಲಲೇಬೇಕು. ಕ್ರಿ.ಶ. 949ರ ಸುಮಾರಿನ ಈ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದನ್ನು ಹೇಳುತ್ತದೆ. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಬೇಕಾದುದನ್ನು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರಾಗಿ ಕಾದುತ್ತಿವೆ. ಸಾಮ್ರಾಜ್ಯಗಳ ಜಯಾಪಜಯದ ವಿವರ ಇಂದು ನಮಗೆ ತಲುಪಿದ್ದು ಒಂದು ಬೇಟೆನಾಯಿಯ ಮೇಲಿನ ಅಕ್ಕರೆಯಿಂದ.

ಗ್ರಂಥಾಲಯಗಳಿಗೆ ಹೋಗುವುದನ್ನು ಮ್ಯೂಸಿಯಮ್ಮಿನ ಜೊತೆಗೇ ಇಟ್ಟುಕೊಳ್ಳಬೇಕು. ಕಬ್ಬನ್ ಪಾರ್ಕಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿಯೇ ಶಿವನಸಮುದ್ರದ ವಿದ್ಯುತ್ ಯೋಜನೆ ಶುರುವಾದದ್ದು; ಅದರ ದೀಪ ಉರಿಯುವುದನ್ನು ಕಾಣದೆ ಅವರು 1901ರಲ್ಲಿ ತೀರಿಕೊಂಡರು. ವಿದ್ಯುತ್ತು ತಂದವರ ಹೆಸರಿನ ಕಟ್ಟಡದಲ್ಲಿ ಪುಸ್ತಕಗಳಿವೆ, ಸ್ವಲ್ಪ ದೂರದ ಮ್ಯೂಸಿಯಮ್ಮಿನಲ್ಲಿ ವಿದ್ಯುತ್ತಿನ ಯಂತ್ರಗಳಿವೆ. ಒಂದೇ ದಿನ ಎರಡನ್ನೂ ನೋಡಿದವರಿಗೆ ಈ ನಂಟು ಮನಸ್ಸಿನಲ್ಲಿ ನಿಲ್ಲುತ್ತದೆ.

ಈ ದೊಡ್ಡ ಗ್ರಂಥಾಲಯದ ಮನೆಹತ್ತಿರದ ರೂಪ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಗರಗಳಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರುತ್ತದೆ. ಅದು ಈಗ ಶೇಕಡಾ 6. ಅಂದರೆ ಬಸವೇಶ್ವರನಗರದ ಪ್ರತಿ ಮನೆಯ ಯಜಮಾನರೂ ಗ್ರಂಥಾಲಯಕ್ಕೆ ಮೊದಲೇ ದುಡ್ಡು ಕೊಟ್ಟಿದ್ದಾರೆ. ಒಳಗೆ ಹೋಗಿ ಕೂತು ಓದುವುದಷ್ಟೇ ಬಾಕಿ. ವಿಜಯನಗರದ ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಬೆಳಿಗ್ಗೆ ನಿವೃತ್ತರು ಪತ್ರಿಕೆಗಳ ಮೇಜಿನಲ್ಲಿ, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಉದ್ದನೆಯ ಬೆಂಚುಗಳಲ್ಲಿ ಕೂತಿರುತ್ತಾರೆ. ಮನೆಯಲ್ಲಿ ಓದಲು ಬೇರೆ ಕೋಣೆ ಇಲ್ಲದವರಿಗೆ ಈ ಬೆಂಚೇ ಕೋಣೆ. ಕನ್ನಡ ಸಾಹಿತ್ಯದ ಹಳೆಯ ಪುಸ್ತಕ ಬೇಕಾದವರು ಚಾಮರಾಜಪೇಟೆಯ ಪರಿಷತ್ತಿಗೆ, ಇತಿಹಾಸ ಬೇಕಾದವರು 1909ರಿಂದ ನಡೆದುಬಂದ, ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿಗೆ ಹೋಗಬಹುದು. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸವನ್ನು ಈ ಸೊಸೈಟಿ ಕೈಗೊಂಡಿದೆ.

ಕೆಂಗೇರಿಯ ದಾರಿಯಲ್ಲಿ ಗ್ರಂಥಾಲಯ ಲೋಕದ ದೊಡ್ಡ ಹೆಸರೊಂದು ಎದುರಾಗುತ್ತದೆ. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅವರು ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗ ಮೈಸೂರು ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿದೆ. ಓದುಗರ ಸಮಯ ಉಳಿಸಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. ಕಪಾಟಿನ ಬಳಿ ಹೋದಾಗ ಬೇಕಾದ ಪುಸ್ತಕ ಕೈಗೆ ಸಿಕ್ಕರೆ ಅದರ ಹಿಂದೆ ಇಂಥವರ ದುಡಿಮೆ ಇರುತ್ತದೆ.

ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಜಾನಪದ ಲೋಕ ಸಿಗುತ್ತದೆ. ಎಚ್. ಎಲ್. ನಾಗೇಗೌಡರು ಊರೂರು ಸುತ್ತಿ ಕೂಡಿಸಿದ ವಸ್ತುಗಳಿಗಾಗಿ 15 ಎಕರೆಯಲ್ಲಿ ಕಟ್ಟಿದ ಈ ತಾಣ 1994ರಲ್ಲಿ ತೆರೆಯಿತು. ಲೋಕಮಾತಾ ಮಂದಿರದಲ್ಲಿ ಒರಳು, ಒನಕೆ, ಬೀಸುವ ಕಲ್ಲು, ಕಾಳು ತುಂಬುವ ವಾಡೆ. ಲೋಕಮಹಲಿನಲ್ಲಿ ತೊಗಲುಗೊಂಬೆ, ಸೋಮನ ಮುಖವಾಡ, ವಾದ್ಯಗಳು. ಆಯಗಾರರ ಮಾಳದಲ್ಲಿ ಕಸುಬಿನವರ ಸಲಕರಣೆಗಳು. ಗಿರಣಿಗೆ, ಕಾರ್ಖಾನೆಗೆ ಬಂದು ಸೇರಿದ ಕುಟುಂಬಗಳಲ್ಲಿ ಎಷ್ಟೋ ಈ ವಸ್ತುಗಳನ್ನು ಬಿಟ್ಟು ಬಂದವು. ಆ ಕಾರಣಕ್ಕೆ ಇದನ್ನು ಎಲ್ಲ ನೋಡಿದ ಮೇಲೆ ನೋಡುವುದು ಒಳ್ಳೆಯದು: ಕೈಮಗ್ಗ ಮತ್ತು ಗಾಣದ ಕೈಗಳೇ ಆಮೇಲೆ ಯಂತ್ರ ಹಿಡಿದವು ಎಂದು ಆಗ ಅರ್ಥವಾಗುತ್ತದೆ.

ಈ ಹವ್ಯಾಸಕ್ಕೆ ಖರ್ಚು ಕಡಿಮೆ, ವ್ಯವಧಾನ ಜಾಸ್ತಿ ಬೇಕು. ಸರ್ಕಾರಿ ಮ್ಯೂಸಿಯಂ, ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ ಎಂಬುದನ್ನು ನೆನಪಿಟ್ಟುಕೊಂಡು ದಿನ ಗೊತ್ತುಮಾಡಿಕೊಳ್ಳಬೇಕು. ಒಂದು ದಿನಕ್ಕೆ ಒಂದು ಮ್ಯೂಸಿಯಂ ಸಾಕು. ಅದರಲ್ಲಿಯೂ ನಾಲ್ಕೈದು ವಸ್ತುಗಳನ್ನು ಆರಿಸಿಕೊಂಡು, ಇದನ್ನು ಯಾರು ಮಾಡಿದರು, ಯಾವುದರಿಂದ, ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ಅಲ್ಲಿ ಎದ್ದ ಪ್ರಶ್ನೆಯನ್ನು ಮರುವಾರ ಗ್ರಂಥಾಲಯಕ್ಕೆ ಒಯ್ದರೆ ನೋಟ ಓದಾಗುತ್ತದೆ. ಮಿಲ್ಲಿನ ಗುರುತಿನ ಚೀಟಿ, ಸಂಬಳದ ಚೀಟಿ, ಕಾರ್ಖಾನೆ ವಾರ್ಷಿಕೋತ್ಸವದ ಫೋಟೊ, ನಿಂತುಹೋದ ಎಚ್‌ಎಂಟಿ ಗಡಿಯಾರ ಮನೆಯಲ್ಲಿದ್ದರೆ ರದ್ದಿಗೆ ಹಾಕದೆ, ಯಾರದು, ಯಾವ ವರ್ಷದ್ದು ಎಂದು ಬರೆದು ಇಡಬೇಕು. ಪಶ್ಚಿಮ ಬೆಂಗಳೂರಿಗೆ ತನ್ನದೇ ಗಿರಣಿ ಮ್ಯೂಸಿಯಂ ಬರುವ ದಿನ ಅಲ್ಲಿಡಲು ಬೇಕಾಗುವುದು ಇವೇ ವಸ್ತುಗಳು.